ಅನಿಮೇಶನ್‌ಗೆ ಕೈ ಹಾಕುವ ಮುಂಚೆ: ಕಥೆಯ ಮುಖ್ಯ ಗಳಿಗೆ ಆರಿಸಿ, ಚಿತ್ರಶೈಲಿ ಕಟ್ಟುವ ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹುಡುಗ ಹುಡುಗಿಯರು ತೋರಿಸಲು ತರುವ ಅನಿಮೇಶನ್ ಪ್ರಾಜೆಕ್ಟ್‌ಗಳು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಂತುಬಿಡುತ್ತವೆ. ನಾಯಕನ ಚಿತ್ರ ಬಣ್ಣ ತುಂಬಿ ತಯಾರಾಗಿರುತ್ತದೆ. ಹಿಂದೆ ಒಂದು ಕೋಟೆ ಇರುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ "ಇವನು ಏನು ಮಾಡ್ತಾನ?" ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಇನ್ನು ಕೆಲವರ ಹತ್ತಿರ ಕಥೆ ಇರುತ್ತದೆ, ಎರಡನೇ ದೃಶ್ಯಕ್ಕೆ ಬರುವಷ್ಟರಲ್ಲಿ ಮೊದಲು ಆರಿಸಿದ ಶೈಲಿ ಕೈಕೊಟ್ಟಿರುತ್ತದೆ.

ಎರಡಕ್ಕೂ ಕಾರಣ ಒಂದೇ. ಕೆಲಸದ ಕ್ರಮ ತಿರುವುಮುರುವಾಗಿದೆ. ಮೊದಲು ಗಳಿಗೆಗಳು, ಅಂದರೆ ಕಥೆಯನ್ನು ಮುಂದೆ ಒಯ್ಯುವ ಕ್ಷಣಗಳು, ಆಮೇಲೆ ಬೆಳಕು-ಕತ್ತಲು, ಆಮೇಲೆ ಆಕಾರ, ಎಲ್ಲಕ್ಕಿಂತ ಕೊನೆಗೆ ಬಣ್ಣ. ನಿಮ್ಮ ಕಥೆಯಲ್ಲಿ ಚಿತ್ರಿಸಲು ಅತ್ಯಂತ ಕಷ್ಟವಾದ ಗಳಿಗೆ ಯಾವುದೋ, ಅದೇ ನಿಮ್ಮ ಶೈಲಿಯನ್ನು ನಿರ್ಧರಿಸಬೇಕು.

ಉದಾಹರಣೆಗೆ 3 ನಿಮಿಷದ ಒಂದು ಕಿರುಚಿತ್ರ ಇಟ್ಟುಕೊಳ್ಳೋಣ. ಯಾದಗಿರಿ ಜಿಲ್ಲೆಯ ಶಹಾಪುರದ ಬೆಟ್ಟ ಗೊತ್ತಲ್ವಾ, ದೂರದಿಂದ ನೋಡಿದರೆ ಮಲಗಿದ ಬುದ್ಧನ ಹಾಗೆ ಕಾಣುವುದು? ಅದರ ಬುಡದಲ್ಲಿ ಬೀರಪ್ಪ ಎಂಬ ಹುಡುಗ ತನ್ನ ಅಜ್ಜನ ಜೊತೆ, ಅಂದರೆ ಮುತ್ಯಾನ ಜೊತೆ, ಕುರಿ ಕಾಯುತ್ತಾನೆ. ಹಿಂಡಿನಲ್ಲಿರುವುದೆಲ್ಲ ಕೆಂಗುರಿ. ಒಂದೇ ಒಂದು ಕರಿ ಮರಿ ಇದೆ. ಅದು ಕಳೆದುಹೋಗುತ್ತದೆ.

## ಬೇಕಾಗುವ ಸಾಮಾನು

ಎ4 ಹಾಳೆ, ಒಂದು 4ಬಿ ಪೆನ್ಸಿಲ್, ಒಂದು ಬೂದು ಮಾರ್ಕರ್, ಒಂದು ದಪ್ಪ ಕಪ್ಪು ಮಾರ್ಕರ್, ಅಳತೆಪಟ್ಟಿ, ಕತ್ತರಿ, ಗೋಡೆಗೆ ಅಂಟಿಸಲು ಟೇಪ್. ಏಳನೇ ಹಂತದವರೆಗೆ ಇಷ್ಟು, ಫೋಟೋಗೆ ಒಂದು ಫೋನ್ ಸಾಕು. ಟ್ಯಾಬ್ಲೆಟ್ ಇದ್ದರೂ ಅದನ್ನು ಬದಿಗಿಡಿ. ಅದರಲ್ಲಿ ದೊಡ್ಡದು ಮಾಡಿ ನೋಡುವ ಸೌಕರ್ಯ ಇದೆ. ದೊಡ್ಡದು ಮಾಡಿದ ಕೂಡಲೇ ನೀವು ಕಣ್ಣಿನ ರೆಪ್ಪೆ ಬಿಡಿಸಲು ಕೂರುತ್ತೀರಿ.

ಆಮೇಲೆ ಬೇಕಾಗುವ ಸಾಫ್ಟ್‌ವೇರ್ ಎಲ್ಲ ಉಚಿತವಾಗಿಯೇ ಸಿಗುತ್ತವೆ. ಬಣ್ಣಕ್ಕೆ ಕ್ರಿಟಾ, ಅನಿಮೇಶನ್‌ಗೆ ಕ್ರಿಟಾ ಅಥವಾ ಓಪನ್‌ಟೂನ್ಜ್ ಅಥವಾ ಬ್ಲೆಂಡರ್‌ನ ಗ್ರೀಸ್ ಪೆನ್ಸಿಲ್. ಯಾವುದು ಉತ್ತಮ ಎಂಬ ಚರ್ಚೆಗೆ ವಾರಗಟ್ಟಲೆ ಕಳೆಯಬೇಡಿ. ಯಾವುದು ನಿಮ್ಮ ಕಂಪ್ಯೂಟರಿನಲ್ಲಿ ತಡವರಿಸದೆ ಓಡುತ್ತದೋ ಅದು. ಬೇಸಿಗೆಯಲ್ಲಿ ಕರೆಂಟ್ ಹೋಗುವುದು ನಿಮಗೆ ಹೇಳಿಕೊಡಬೇಕಿಲ್ಲ. ತಾನಾಗಿಯೇ ಸೇವ್ ಆಗುವ ಸೆಟ್ಟಿಂಗನ್ನು 5 ನಿಮಿಷಕ್ಕೆ ಇಳಿಸಿಡಿ.

## ಹಂತ 1: ಕಥೆಯನ್ನು ಎರಡು ವಾಕ್ಯಕ್ಕೆ ಇಳಿಸಿ

ಯಾರಿಗೆ ಏನು ಬೇಕು, ಏನು ಅಡ್ಡ ಬರುತ್ತದೆ, ಕೊನೆಗೆ ಏನು ಬದಲಾಗುತ್ತದೆ. ಇಷ್ಟು ಬರೆಯಿರಿ.

"ಬೀರಪ್ಪನಿಗೆ ಕಳೆದ ಮರಿ ರಾತ್ರಿಯೊಳಗೆ ಸಿಗಬೇಕು, ಆದರೆ ಕರಿ ಮರಿ ಕತ್ತಲಲ್ಲಿ ಕಾಣುವುದಿಲ್ಲ. ಸಿಕ್ಕಾಗಲೂ ಎತ್ತಲಾಗದೆ, ಬೆಳಗಿನವರೆಗೆ ಅದರ ಜೊತೆಯೇ ಕೂರುತ್ತಾನೆ."

ನಿಮ್ಮ ವಾಕ್ಯದಲ್ಲಿ "ಸಂಸ್ಕೃತಿ", "ಪರಂಪರೆ", "ಸಂದೇಶ" ಅಂತ ಪದಗಳು ಬಂದಿದ್ದರೆ ಎಚ್ಚರ. ಅವನ್ನು ಚಿತ್ರ ಬಿಡಿಸಲು ಆಗುವುದಿಲ್ಲ. "ಬೀದರ್ ಕೋಟೆಯ ವೈಭವ" ಕೂಡ ಕಥೆಯಲ್ಲ, ಅದು ಜಾಗ. ಅಲ್ಲಿ ಯಾರಿಗೋ ಏನೋ ಬೇಕಾಗಿರಬೇಕು.

## ಹಂತ 2: ಏಳು ಗಳಿಗೆ ಆರಿಸಿ

ಕಥೆಯಲ್ಲಿ ಏನೇನು ಆಗುತ್ತದೋ ಎಲ್ಲವನ್ನೂ ಸಾಲಾಗಿ ಬರೆಯಿರಿ. ಇಪ್ಪತ್ತು ಮೂವತ್ತು ಬರಬಹುದು. ಈಗ ಒಂದೊಂದನ್ನೇ ಕೈಯಿಂದ ಮುಚ್ಚಿ ಕೇಳಿ: ಇದು ಇಲ್ಲದಿದ್ದರೆ ಮುಂದಿನದು ಅರ್ಥವಾಗುತ್ತದಾ? ಆಗುತ್ತದೆ ಅಂದರೆ ಅದು ಮುಖ್ಯ ಗಳಿಗೆಯಲ್ಲ. ಆಮೇಲೆ ಬೇಕಾದರೆ ಸೇರಿಸಿಕೊಳ್ಳಿ, ಈಗ ತೆಗೆಯಿರಿ. 3 ನಿಮಿಷಕ್ಕೆ ಏಳು ಸಾಕು. ಹತ್ತು ದಾಟಿದರೆ ಪ್ರತಿಯೊಂದಕ್ಕೂ ಉಸಿರಾಡಲು ಜಾಗ ಸಿಗುವುದಿಲ್ಲ.

ನಮ್ಮ ಕಥೆಗೆ ಉಳಿದದ್ದು ಇವು:

1. ಮಧ್ಯಾಹ್ನ. ಕೆಂಪು ಹಿಂಡಿನ ನಡುವೆ ಕರಿ ಮರಿಯನ್ನು ಬೀರಪ್ಪ ಹೆಗಲ ಮೇಲೆ ಹೊತ್ತಿದ್ದಾನೆ.
2. ಬೇವಿನ ಮರದಡಿ ಅವನಿಗೆ ನಿದ್ದೆ. ಮರಿ ಬೆಟ್ಟದ ಕಡೆ ಹೊರಟಿದೆ.
3. ಸಂಜೆ ಎಣಿಕೆ. ಒಂದು ಕಡಿಮೆ.
4. "ಮುತ್ಯಾ, ಮರಿ ಕಾಣವಲ್ದು." "ಈಗ ಕತ್ತಲಾಗ್ಯಾದ. ನಸುಕಿನ್ಯಾಗ ನೋಡೋಣು." ಮುದುಕ ಮಲಗುತ್ತಾನೆ. ಹುಡುಗ ಕಂಬಳಿ ಹೊದ್ದು ಹೊರಡುತ್ತಾನೆ.
5. ಬಂಡೆಗಳ ಸಂದಿನಿಂದ ಮರಿಯ ದನಿ. ಕಾಣುವುದಿಲ್ಲ.
6. ಎತ್ತಲು ಆಗುವುದಿಲ್ಲ. ಕಂಬಳಿಯನ್ನು ಸಂದಿಯೊಳಗೆ ಇಳಿಬಿಟ್ಟು, ಮರಿಗೆ ಹೊದಿಸಿ, ತಾನು ಮೇಲೆ ಮಲಗುತ್ತಾನೆ.
7. ಬೆಳಗಾಗುತ್ತದೆ. ಮುತ್ಯಾ ಕೆಳಗಿನಿಂದ ನೋಡಿದರೆ ಬೆಟ್ಟ ಮಲಗಿದೆ, ಬೆಟ್ಟದ ಮೇಲೆ ಅದೇ ಭಂಗಿಯಲ್ಲಿ ಹುಡುಗ ಮಲಗಿದ್ದಾನೆ.

ಗಳಿಗೆಗಳ ನಡುವೆ "ಆಮೇಲೆ" ಅಂತಷ್ಟೇ ಹಾಕಿ ಓದಲು ಆಗುತ್ತಿದ್ದರೆ ಕಥೆ ಸಡಿಲವಾಗಿದೆ. "ಆದರೆ" ಅಥವಾ "ಅದಕ್ಕೇ" ಹಾಕಿ ಓದಿ ನೋಡಿ. ನಿದ್ದೆ ಹೋದ, ಅದಕ್ಕೇ ಮರಿ ತಪ್ಪಿಸಿಕೊಂಡಿತು. ಮುತ್ಯಾ ಬೇಡ ಅಂದ, ಆದರೆ ಹುಡುಗ ಹೊರಟ. ಎಲ್ಲಿ ಈ ಎರಡೂ ಕೂರುವುದಿಲ್ಲವೋ ಅಲ್ಲಿ ಏನೋ ಬಿಟ್ಟುಹೋಗಿದೆ.

ಇನ್ನೊಂದು ಸಾಮಾನ್ಯ ತಪ್ಪು: ಏಳೂ ಗಳಿಗೆಗಳಲ್ಲಿ ಓಟ, ಜಿಗಿತ, ಕೂಗಾಟ. ಕನಿಷ್ಠ ಎರಡಾದರೂ ಸುಮ್ನೆ ಕೂತಿರುವ ಗಳಿಗೆ ಬೇಕು. ಇಲ್ಲಿ ಆರನೆಯದು ಅಂಥದ್ದು. ಅನಿಮೇಶನ್ ಮಾಡುವವರಿಗೂ ಅದು ಒಳ್ಳೆಯದು, ಕಡಿಮೆ ಚಿತ್ರಗಳಲ್ಲಿ ಮುಗಿಯುತ್ತದೆ.

## ಹಂತ 3: ಪುಟ್ಟ ಚೌಕಗಳಲ್ಲಿ ಮೂರೇ ಛಾಯೆ

ಜಾಸ್ತಿ ಜನ ಹಾರಿಸಿಬಿಡುವ ಹಂತ ಇದು. ಹಾರಿಸಿದವರ ಪ್ರಾಜೆಕ್ಟೇ ಮುಂದೆ ನಿಲ್ಲುವುದು. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನಿಸೋಣ.

ಹಾಳೆಯ ಮೇಲೆ 8 ಸೆಂ.ಮೀ. ಅಗಲ, 4.5 ಸೆಂ.ಮೀ. ಎತ್ತರದ ಚೌಕಗಳನ್ನು ಗೀಚಿ. ಇದು 16:9 ಅಳತೆ, ಟಿವಿ ಮತ್ತು ಯೂಟ್ಯೂಬ್ ಪರದೆಯದ್ದು. ಒಂದು ಎ4 ಹಾಳೆಗೆ ಹತ್ತು ಚೌಕ ಹಿಡಿಯುತ್ತವೆ. ಪ್ರತಿ ಗಳಿಗೆಗೂ ಮೂರು ಬೇರೆ ಬೇರೆ ಥಂಬ್‌ನೇಲ್ (ಪುಟ್ಟ ಕರಡು ಚಿತ್ರ) ಬಿಡಿಸಿ. ಒಂದು ದೂರದಿಂದ, ಒಂದು ಹತ್ತಿರದಿಂದ, ಇನ್ನೊಂದು ನೀವು ಮೊದಲು ಯೋಚಿಸದೇ ಇದ್ದ ಕಡೆಯಿಂದ. ಒಂದಕ್ಕೆ 5 ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ.

ಮೂರೇ ಛಾಯೆ ಬಳಸಿ: ಹಾಳೆಯ ಬಿಳಿ, ಮಾರ್ಕರಿನ ಬೂದು, ಕಪ್ಪು. ಮುಖದಲ್ಲಿ ಕಣ್ಣು ಮೂಗು ಬೇಡ. ನೋಡುವವರ ಕಣ್ಣು ಎಲ್ಲಿಗೆ ಹೋಗಬೇಕೋ ಅಲ್ಲಿ ಅತಿ ಬಿಳಿ ಮತ್ತು ಅತಿ ಕಪ್ಪು ಪಕ್ಕಪಕ್ಕ ಬರಬೇಕು. ಮಿಕ್ಕ ಕಡೆ ಬೂದು.

ಈಗ ನಮ್ಮ ಐದನೇ ಗಳಿಗೆಗೆ ಬನ್ನಿ. ಕರಿ ಮರಿ, ಕರಿ ಕಂಬಳಿ, ಕರಿ ಸಂದಿ, ರಾತ್ರಿ. ಎಲ್ಲವೂ ಕಪ್ಪು. ಬಣ್ಣದಲ್ಲಿ ಶುರು ಮಾಡಿದವರು ಇಲ್ಲಿ ಏನು ಮಾಡುತ್ತಾರೆ ಗೊತ್ತಾ? ಮರಿಗೆ ಒಂದು ಬಿಳಿ ಹೊರಗೆರೆ ಎಳೆಯುತ್ತಾರೆ, ಇಲ್ಲವೇ ಅದರ ಕಣ್ಣನ್ನು ಬಲ್ಬಿನ ಹಾಗೆ ಹೊಳೆಸುತ್ತಾರೆ. ಆಗ "ಕಾಣುವುದಿಲ್ಲ" ಎಂಬ ಕಥೆಯೇ ಸತ್ತುಹೋಯಿತು.

ಥಂಬ್‌ನೇಲ್‌ನಲ್ಲಿ ಮೂರು ದಾರಿ ಸಿಗುತ್ತವೆ. ಒಂದು, ದೂರದಿಂದ ಇಡೀ ಬೆಟ್ಟ, ಅದರ ಮೇಲೆ ಚುಕ್ಕೆಯಷ್ಟು ಹುಡುಗ. ಇದರಲ್ಲಿ ಒಂಟಿತನ ಕಾಣುತ್ತದೆ, ಮರಿಯ ದನಿ ಎಲ್ಲಿಂದ ಬಂತು ಎಂಬುದು ಕಾಣುವುದಿಲ್ಲ. ಎರಡು, ಹುಡುಗನ ಮುಖ ಹತ್ತಿರದಿಂದ, ಕಿವಿಗೊಟ್ಟು ಕೇಳುತ್ತಿದ್ದಾನೆ. ಪರವಾಗಿಲ್ಲ, ಆದರೆ ಜಾಗ ಗೊತ್ತಾಗುವುದಿಲ್ಲ. ಮೂರು, ಕ್ಯಾಮೆರಾ ಸಂದಿಯೊಳಗೆ ಮರಿಯ ಜಾಗದಲ್ಲಿದೆ. ಸುತ್ತ ಪೂರ್ತಿ ಕಪ್ಪು. ಮೇಲೆ ಬಿರುಕಿನ ಆಕಾರದಲ್ಲಿ ಬೆಳ್ಳನೆಯ ಆಕಾಶದ ಒಂದು ಚೂರು. ಆ ಚೂರಿನೊಳಗೆ ಕಂಬಳಿ ಕೊಪ್ಪಿ (ತಲೆ ಮುಚ್ಚುವ ಹಾಗೆ ಮಡಿಸಿದ ಕಂಬಳಿ) ಹಾಕಿದ ಹುಡುಗನ ತಲೆ ಇಣುಕುತ್ತದೆ. ಮರಿಯನ್ನು ತೋರಿಸದೆಯೇ ಮರಿ ಎಲ್ಲಿದೆ ಅಂತ ಗೊತ್ತಾಯಿತು. ನಾನಾದರೆ ಇದನ್ನೇ ಇಟ್ಟುಕೊಳ್ಳುತ್ತೇನೆ.

ಗಮನಿಸಿ, ಶೈಲಿಯ ಮೊದಲ ನಿರ್ಧಾರ ಇಲ್ಲೇ ಆಗಿಹೋಯಿತು. ಈ ಚಿತ್ರಕ್ಕೆ ಹೊರಗೆರೆ ಬೇಡ. ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಗಟ್ಟಿ ಆಕಾರಗಳು ಬೇಕು. ಈ ಮಾತನ್ನು ಒಂದು ಚೀಟಿಯಲ್ಲಿ ಬರೆದಿಡಿ.

ಎಚ್ಚರಿಕೆಯ ಗುರುತು: ಮೂರು ಥಂಬ್‌ನೇಲೂ ಒಂದೇ ಥರ ಕಂಡರೆ, ಅಥವಾ ಎಲ್ಲದರಲ್ಲೂ ಪಾತ್ರ ಚೌಕದ ನಟ್ಟನಡುವೆ ಎದುರಿಗೆ ಮುಖ ಮಾಡಿ ನಿಂತಿದ್ದರೆ, ನೀವು ಗಳಿಗೆ ಬಿಡಿಸುತ್ತಿಲ್ಲ, ಫೋಟೋಗೆ ನಿಲ್ಲಿಸುತ್ತಿದ್ದೀರಿ. ಮತ್ತೆ ಗೀಚಿ.

## ಹಂತ 4: ಗೋಡೆಗೆ ಅಂಟಿಸಿ, ಮಾತಾಡದೆ ತೋರಿಸಿ

ಪ್ರತಿ ಗಳಿಗೆಗೆ ಒಂದೊಂದು ಚೌಕ ಆರಿಸಿ, ಕತ್ತರಿಸಿ, ಗೋಡೆಗೆ ಸಾಲಾಗಿ ಅಂಟಿಸಿ. ಇದೇ ಬೀಟ್ ಬೋರ್ಡ್. ಈಗ ಚಿತ್ರಕಲೆಗೆ ಸಂಬಂಧವೇ ಇಲ್ಲದ ಯಾರನ್ನಾದರೂ ಕರೆಯಿರಿ. ತಂಗಿ, ಪಕ್ಕದ ಮನೆಯ ಕಾಕಾ, ಯಾರಾದರೂ ಸರಿ. "ಇಲ್ಲಿ ಏನಾಗ್ಲಿಕತ್ತದ ಹೇಳ್ರಿ" ಅಂತಷ್ಟೇ ಕೇಳಿ ಬಾಯಿ ಮುಚ್ಚಿಕೊಂಡಿರಿ. ಇದು ಹೇಳಿದಷ್ಟು ಸುಲಭ ಅಲ್ಲ. ಅವರು ತಪ್ಪು ಹೇಳಿದ ಕೂಡಲೇ "ಹಂಗಲ್ಲ, ಅಂವಾ ಅಲ್ಲಿ..." ಅಂತ ನಾಲಿಗೆ ಎದ್ದು ಬರುತ್ತದೆ. ಬೇಡ. ಅವರು ಎಲ್ಲಿ ತಡವರಿಸಿದರು, ಯಾವ ಚೌಕವನ್ನು ತಪ್ಪಾಗಿ ಓದಿದರು ಅಂತ ಬರೆದುಕೊಳ್ಳಿ.

ಇಬ್ಬರು ಒಂದೇ ಚೌಕದಲ್ಲಿ ಎಡವಿದರೆ ಆ ಚೌಕ ಬದಲಾಯಿಸಬೇಕು. ಮೂರನೆಯ ಗಳಿಗೆ ಸಾಮಾನ್ಯವಾಗಿ ಇಲ್ಲಿ ಸೋಲುತ್ತದೆ. "ಒಂದು ಕಡಿಮೆ" ಅನ್ನುವುದನ್ನು ಚಿತ್ರದಲ್ಲಿ ಹೇಳುವುದು ಹೇಗೆ? ಹಿಂಡಿನ ಚಿತ್ರ ಬಿಡಿಸಿದರೆ ಯಾರೂ ಎಣಿಸುವುದಿಲ್ಲ. ಮೊದಲ ಗಳಿಗೆಯ ಅದೇ ಕೋನ, ಅದೇ ಹಿಂಡು ಇಟ್ಟು, ನಡುವಿನ ಕಪ್ಪು ಚುಕ್ಕೆಯನ್ನು ಮಾತ್ರ ತೆಗೆದರೆ ಎಣಿಕೆಯೇ ಬೇಕಿಲ್ಲ.

## ಹಂತ 5: ಈಗ ಹೊರಗೆ ಹೋಗಿ ನೋಡಿ

ಗಳಿಗೆ ತೀರ್ಮಾನವಾದ ಮೇಲೆ ಹೋದರೆ ಏನು ನೋಡಬೇಕು ಅಂತ ಗೊತ್ತಿರುತ್ತದೆ. ಮುಂಚೆಯೇ ಹೋದವರು ಮುನ್ನೂರು ಫೋಟೋ ತೆಗೆದುಕೊಂಡು ಬಂದು ಒಂದನ್ನೂ ಬಳಸುವುದಿಲ್ಲ.

ಮೂರು ಜಿಲ್ಲೆಗಳನ್ನು ಒಂದೇ ಹಿನ್ನೆಲೆಯಾಗಿ ಕಲಸುವುದು ದೊಡ್ಡ ತಪ್ಪು. ನೆಲವೇ ಬೇರೆ. ಬೀದರ್ ಜಂಬಿಟ್ಟಿಗೆಯ ಕೆಂಪು ನೆಲ, ಕೋಟೆಯ ಗೋಡೆಯೂ ಕೆಂಪು, ಮೈತುಂಬ ತೂತು. ಶಹಾಬಾದ್, ಸೇಡಂ ಕಡೆ ಸುಣ್ಣದ ಕಲ್ಲು. ಚಪ್ಪಟೆ ಪದರಗಳಾಗಿ ಏಳುವ ಬೂದು ಪರಸಿ (ಹಾಸುಗಲ್ಲು), ಮನೆಯ ನೆಲಕ್ಕೂ ಅದೇ, ಹಲವು ಹಳ್ಳಿಗಳಲ್ಲಿ ಗೋಡೆಗೂ ಅದೇ. ಯಾದಗಿರಿ, ಶಹಾಪುರ, ಸುರಪುರ ಕಡೆ ಗ್ರಾನೈಟ್ ಬಂಡೆ, ದುಂಡಗೆ, ಒಂದರ ಮೇಲೊಂದು ಪೇರಿಸಿದಂತೆ. ಅಂದರೆ ಬೀದರಿನ ಕಥೆಗೆ ಗಟ್ಟಿ ಗೋಡೆಯಂಥ ಆಕಾರ, ಶಹಾಬಾದಿಗೆ ಅಡ್ಡ ಪಟ್ಟಿ, ಶಹಾಪುರಕ್ಕೆ ದುಂಡು. ಆಕಾರದ ನಿಯಮ ಅರ್ಧ ಇಲ್ಲೇ ಸಿಕ್ಕಿತು.

ಕಾಲವನ್ನೂ ನೋಡಿ. ತೊಗರಿಯನ್ನು ಮುಂಗಾರಿನಲ್ಲಿ ಬಿತ್ತಿ ಚಳಿಗಾಲದ ಹೊತ್ತಿಗೆ ಕೊಯ್ಯುತ್ತಾರೆ. ಮೇ ತಿಂಗಳ ಕಥೆಯಲ್ಲಿ ಹಸಿರು ತೊಗರಿ ಹೊಲ ಬಂದರೆ ಕಲಬುರಗಿಯ ಯಾವ ರೈತನೂ ನಿಮ್ಮ ಚಿತ್ರ ನಂಬುವುದಿಲ್ಲ. ಬೇಸಿಗೆಯ ಎರೆಹೊಲ ಬಿರುಕು ಬಿಟ್ಟು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಮಳೆ ಬಿದ್ದ ಮೇಲೆಯೇ ಅದು ಕಪ್ಪಗೆ ಕಾಣುವುದು.

ನೆರಳಿನ ಫೋಟೋ ಬೇರೆಯಾಗಿ ತೆಗೆಯಿರಿ: ಬೆಳಿಗ್ಗೆ, ನಡುಮಧ್ಯಾಹ್ನ, ಸಂಜೆ. ಈ ಭಾಗದಲ್ಲಿ ಮೇ ಮೊದಲೆರಡು ವಾರಗಳಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಸುಮಾರು 12:20ಕ್ಕೆ. ಆಗ ಮನುಷ್ಯನ ನೆರಳು ಕಾಲಡಿಯಲ್ಲೇ ಮುದುಡಿರುತ್ತದೆ. ಒಂದನೇ ಗಳಿಗೆಯಲ್ಲಿ ಉದ್ದ ನೆರಳು ಬಿಡಿಸಿದರೆ ಅದು ಮಧ್ಯಾಹ್ನ ಅನ್ನಿಸುವುದೇ ಇಲ್ಲ. ಹಾಗಂತ ಆ ಬಿಸಿಲಲ್ಲಿ ಗಂಟೆಗಟ್ಟಲೆ ನಿಲ್ಲಬೇಡಿ. ಉಷ್ಣಾಂಶ 42 ಡಿಗ್ರಿ ದಾಟುವ ದಿನಗಳವು. ಹತ್ತು ನಿಮಿಷದ ಕೆಲಸ ಮುಗಿಸಿ ನೆರಳಿಗೆ ಬನ್ನಿ.

ಇನ್ನೆರಡು ಎಚ್ಚರಿಕೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಸ್ಟ್ಯಾಂಡ್ ಹಾಕಿ ಚಿತ್ರೀಕರಿಸಲು, ಡ್ರೋನ್ ಹಾರಿಸಲು ಮೊದಲೇ ಅನುಮತಿ ಬೇಕು. ಬೀದರಿನಲ್ಲಂತೂ ವಾಯುಪಡೆಯ ನೆಲೆ ಇದೆ, ಡ್ರೋನ್ ಆಸೆ ಬಿಟ್ಟುಬಿಡಿ. ಕುರಿಗಾಹಿಗಳ ಫೋಟೋ ತೆಗೆಯುವ ಮುಂಚೆ "ಯಣ್ಣಾ, ತಕ್ಕೋಬಹುದಾ?" ಅಂತ ಕೇಳಿ. ಕೇಳಿದರೆ ಕಂಬಳಿ ಕೊಪ್ಪಿ ಹಾಕುವುದು ಹೇಗೆ ಅಂತ ಅವರೇ ತೋರಿಸುತ್ತಾರೆ. ಆ ಮಡಿಕೆ ನಿಮ್ಮ ಪಾತ್ರದ ಆಕಾರಕ್ಕೆ ನೂರು ಫೋಟೋಗಿಂತ ಹೆಚ್ಚು.

## ಹಂತ 6: ಶೈಲಿಯ ನಿಯಮ ಕಟ್ಟಿ

ಶೈಲಿ ಅಂದರೆ ಅಲಂಕಾರ ಅಂದುಕೊಂಡಿರುವವರು ಇಲ್ಲಿ ಜಾರುತ್ತಾರೆ. ಬೀದರಿನ ಕಥೆ ಅಂದ ಕೂಡಲೇ ಬಿದರಿ ಹೂಬಳ್ಳಿ ತಂದು ಬಾಗಿಲಿಗೆ, ಸೀರೆಗೆ, ಮೋಡಕ್ಕೂ ಅಂಟಿಸುತ್ತಾರೆ. ಪರದೆ ತುಂಬ ಬಳ್ಳಿ. ಪಾತ್ರ ಎಲ್ಲಿದೆ ಅಂತ ಹುಡುಕಬೇಕು.

ಬಿದರಿಯಿಂದ ತೆಗೆದುಕೊಳ್ಳಬೇಕಾದದ್ದು ಅದರ ಕೆಲಸದ ಕ್ರಮ. ಸತು ಮತ್ತು ತಾಮ್ರದ ಮಿಶ್ರಣದಲ್ಲಿ ಪಾತ್ರೆ ಎರಕ ಹೊಯ್ದು, ಕೆತ್ತಿ, ಬೆಳ್ಳಿ ಕೂರಿಸಿ, ಉಜ್ಜಿ ನಯ ಮಾಡುತ್ತಾರೆ. ಆ ಹೊತ್ತಿಗೆ ಲೋಹವೂ ಬೂದು, ಬೆಳ್ಳಿಯೂ ಹೆಚ್ಚುಕಡಿಮೆ ಅದೇ ಬಣ್ಣ. ಹೂವು ಕಾಣುವುದೇ ಇಲ್ಲ. ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆಗ ಹೂವು ಎದ್ದು ಬರುತ್ತದೆ. ಇದನ್ನು ನಿಯಮ ಮಾಡಿಕೊಳ್ಳಿ: "ರಾತ್ರಿಯ ದೃಶ್ಯಗಳಲ್ಲಿ ಎರಡೇ ಛಾಯೆ. ಹಿನ್ನೆಲೆ ಕಪ್ಪು, ಕಥೆಗೆ ಬೇಕಾದ ಆಕಾರ ಮಾತ್ರ ಬೆಳ್ಳಗೆ." ನಮ್ಮ ಕುರಿಮರಿ ಕಥೆಗೆ ಇದು ಸರಿಯಾಗಿ ಹೊಂದುತ್ತದೆ. ಒಂದೂ ಬಳ್ಳಿ ಬಿಡಿಸಬೇಕಿಲ್ಲ.

ಬೇರೆ ಮೂಲಗಳನ್ನೂ ಹೀಗೇ ಓದಿ. ಬೀದರಿನ ಮಹಮೂದ್ ಗವಾನ್ ಮದರಸಾ 1472ರ ಕಟ್ಟಡ. ಅದರ ಮಿನಾರಿನ ಮೇಲೆ ಬಣ್ಣದ ಹೆಂಚುಗಳು ಅಂಕುಡೊಂಕು ಪಟ್ಟಿಯಾಗಿ ಸುತ್ತಿವೆ. ಎಷ್ಟೋ ಕಡೆ ಹೆಂಚು ಉದುರಿ ಬರೀ ಗೋಡೆ ಉಳಿದಿದೆ. ಅಲ್ಲಿ ಸಿಗುವ ನಿಯಮ: ದೊಡ್ಡ ಖಾಲಿ ಜಾಗ, ಅದರ ಮೇಲೆ ಚೂರು ಚೂರು ಗಾಢ ಬಣ್ಣ. ಭೀಮಾ ತೀರದ ಸನ್ನತಿ ಬಳಿಯ ಕನಗನಹಳ್ಳಿಯ ಅಶೋಕನ ಶಿಲ್ಪಫಲಕದಲ್ಲಿ ರಾಜ, ರಾಣಿ, ಛತ್ರಿ ಹಿಡಿದವಳು, ಚಾಮರದವಳು ಎಲ್ಲರೂ ಒಂದೇ ಚೌಕಟ್ಟಿನಲ್ಲಿ ಒತ್ತೊತ್ತಾಗಿ ನಿಂತಿದ್ದಾರೆ. ಆದರೂ ಯಾರು ಮುಖ್ಯ ಅಂತ ತಕ್ಷಣ ಗೊತ್ತಾಗುತ್ತದೆ. ಗುಂಪಿನ ದೃಶ್ಯ ಇರುವವರು ಅದನ್ನು ಥಂಬ್‌ನೇಲ್ ಮಾಡಿ ಕಲಿಯಿರಿ. ಸುರಪುರದ ಮಿನಿಯೇಚರ್ (ಪುಟ್ಟ ಅಳತೆಯ) ವರ್ಣಚಿತ್ರಗಳ ಸಣ್ಣ ಗೆರೆ ನೋಡಿ ಆಸೆಪಡುವವರೂ ಇದ್ದಾರೆ. ಅವರು ಮುಂದಿನ ಲೆಕ್ಕ ಓದಲಿ.

ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ನಿಶ್ಚಲ ಚಿತ್ರ, ಓಡುತ್ತವೆ. ಒಂದೊಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದರೆ ಸೆಕೆಂಡಿಗೆ 12 ಚಿತ್ರ. 3 ನಿಮಿಷಕ್ಕೆ 2,160 ಚಿತ್ರ. ನಿಮ್ಮ ಶೈಲಿಯಲ್ಲಿ ಒಂದು ಚಿತ್ರಕ್ಕೆ 20 ನಿಮಿಷ ಹಿಡಿದರೆ 720 ಗಂಟೆ. ದಿನಕ್ಕೆ 4 ಗಂಟೆ ಕೂತರೂ 180 ದಿನ, ಅದೂ ಒಬ್ಬ ಪಾತ್ರಕ್ಕೆ. ಅದೇ 8 ನಿಮಿಷದ ಶೈಲಿಯಾದರೆ 72 ದಿನ. ಕಂಬಳಿಯ ಒಂದೊಂದು ಎಳೆ ಬಿಡಿಸುವ ಮುಂಚೆ ಇದು ನೆನಪಿರಲಿ. ಸಣ್ಣ ಗೆರೆಯ ಆಸೆಯನ್ನು ಅಲುಗಾಡದ ಹಿನ್ನೆಲೆಯಲ್ಲಿ ತೀರಿಸಿಕೊಳ್ಳಬಹುದು. ಅದನ್ನು ಒಂದು ಸಲ ಬಿಡಿಸಿದರೆ ಆಯಿತು.

ನಿಯಮಗಳನ್ನು ಮಾಡಬಾರದ್ದನ್ನೂ ಸೇರಿಸಿ ಬರೆಯಿರಿ. ನಮ್ಮ ಚಿತ್ರಕ್ಕೆ:

- ಹೊರಗೆರೆ ಇಲ್ಲ. ಎರಡು ಆಕಾರ ಬೇರೆಯಾಗಿ ಕಾಣದಿದ್ದರೆ ಛಾಯೆ ಬದಲಾಯಿಸಬೇಕು, ಗೆರೆ ಎಳೆಯಬಾರದು.
- ಬಂಡೆ, ಕುರಿ, ಮುತ್ಯಾನ ಪಟಗ (ರುಮಾಲು) ಎಲ್ಲ ದುಂಡು. ಚೂಪು ಆಕಾರ ಸಂದಿಯದ್ದು ಮಾತ್ರ.
- ಒರಟು ಕುಂಚದ ಗುರುತು ಕಂಬಳಿಗೆ ಮಾತ್ರ. ಬೇರೆ ಎಲ್ಲೂ ಇಲ್ಲ.

ಮೂರನೆಯದು ಯಾಕೆ ಅಂದರೆ, ಕತ್ತಲಲ್ಲಿ ಕಂಬಳಿಯ ಅಂಚು ಒರಟಾಗಿದ್ದರೆ ಸಾಕು, ಅದು ಬಂಡೆಯಲ್ಲ ಅಂತ ಕಣ್ಣಿಗೆ ಹೊಳೆಯುತ್ತದೆ.

## ಹಂತ 7: ಪಾತ್ರಗಳು

ಇಲ್ಲಿ ಹೆಚ್ಚು ಹೊತ್ತು ಬೇಡ. ಎಲ್ಲ ಪಾತ್ರಗಳನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ, ಪೂರ್ತಿ ಕಪ್ಪು ತುಂಬಿ. ಯಾರು ಯಾರು ಅಂತ ಗೊತ್ತಾಗುತ್ತದಾ? ಮುತ್ಯಾ ಪಟಗದಿಂದ, ಹುಡುಗ ಕೊಪ್ಪಿಯಿಂದ, ಮರಿ ಉದ್ದ ಕಾಲಿನಿಂದ ಗುರುತಾಗಬೇಕು. ಗೊತ್ತಾದ ಮೇಲೆ ಮುಂದೆ, ಪಕ್ಕ, ಹಿಂದೆ ಮೂರು ಕೋನದಲ್ಲಿ ಮಾಡೆಲ್ ಶೀಟ್ ಮಾಡಿ.

ಮುಖಭಾವಗಳ ಉದ್ದ ಪಟ್ಟಿ ಬೇಡ. ನಿಮ್ಮ ಏಳು ಗಳಿಗೆಗಳಲ್ಲಿ ಎಷ್ಟು ಭಾವ ಬರುತ್ತದೋ ಅಷ್ಟೇ ಬಿಡಿಸಿ. ಮೊದಲ ಮತ್ತು ಕೊನೆಯ ಗಳಿಗೆಯ ಭಂಗಿ ಮಾತ್ರ ಎಚ್ಚರದಿಂದ ಮಾಡಿ. ಏಳನೆಯದರಲ್ಲಿ ಹುಡುಗನ ಮಲಗಿದ ಗೆರೆ ಬೆಟ್ಟದ ಗೆರೆಗೆ ಹೊಂದಬೇಕು. ಬೆಟ್ಟದ ಫೋಟೋ ಮೇಲೆ ತೆಳು ಹಾಳೆ ಇಟ್ಟು ಬರೀ ಮೇಲಂಚನ್ನು ಎಳೆದುಕೊಳ್ಳಿ, ಅದನ್ನೇ ಅವನ ಹಣೆ, ಎದೆ, ಮಂಡಿ ಮಾಡಿ.

## ಹಂತ 8: ಬಣ್ಣದ ಪಟ್ಟಿ

ಈಗ ಕಂಪ್ಯೂಟರ್ ತೆರೆಯಬಹುದು. ಏಳು ಥಂಬ್‌ನೇಲ್‌ಗಳ ಫೋಟೋ ತೆಗೆದು ಕ್ರಿಟಾದಲ್ಲಿ ಒಂದೇ ಸಾಲಿನಲ್ಲಿ ಜೋಡಿಸಿ. ಇದರ ಮೇಲೆ ದೊಡ್ಡ ಕುಂಚದಿಂದ ಬಣ್ಣ ಹಾಕಿದರೆ ಕಲರ್ ಸ್ಕ್ರಿಪ್ಟ್. ಒಂದು ಚೌಕಕ್ಕೆ ನಾಲ್ಕೈದು ಬಣ್ಣ ಮೀರಬೇಡಿ. ಒಂದೊಂದನ್ನೇ ಮುಗಿಸಬೇಡಿ, ಏಳನ್ನೂ ಒಟ್ಟಿಗೆ ಬೆಳೆಸಿ. ಯಾಕೆಂದರೆ ಒಂದು ಬಣ್ಣದ ಬಲ ಅದರ ಪಕ್ಕದ ಚೌಕದಿಂದ ಬರುತ್ತದೆ.

ನಮ್ಮ ಪಟ್ಟಿ ಹೀಗೆ ಹೋಗುತ್ತದೆ. ಒಂದನೆಯದು ಬಿಸಿಲಿಗೆ ಬಿಳಿಚಿಕೊಂಡ ಒಣಹುಲ್ಲಿನ ಹಳದಿ, ಕುರಿಗಳ ಇಟ್ಟಿಗೆಗೆಂಪು, ಒಂದೇ ಕಪ್ಪು ಚುಕ್ಕೆ. ಎರಡರಲ್ಲಿ ಬೇವಿನ ನೆರಳಿನ ಹಸಿರು, ಇಡೀ ಚಿತ್ರದಲ್ಲಿ ತಂಪು ಹಸಿರು ಇದೊಂದೇ ಕಡೆ. ಮೂರು ಸಂಜೆಯ ಧೂಳು, ಎಲ್ಲವೂ ಕಿತ್ತಳೆ, ಕಪ್ಪು ಮಾತ್ರ ಇಲ್ಲ. ನಾಲ್ಕರಲ್ಲಿ ಒಲೆಯ ಬೆಂಕಿ ಒಂದು ಬದಿ, ಕತ್ತಲು ಇನ್ನೊಂದು ಬದಿ. ಐದು ಮತ್ತು ಆರು ನೀಲಿಗಪ್ಪು ಮತ್ತು ಬೆಳ್ಳಿ, ಅಷ್ಟೇ. ಏಳರಲ್ಲಿ ಬಂಡೆಯ ನಸುಗೆಂಪು ಮೊದಲ ಸಲ ಕಾಣಬೇಕು. ಅದಕ್ಕೋಸ್ಕರ ಹಿಂದಿನ ಆರರಲ್ಲೂ ಆ ಬಣ್ಣ ಬಚ್ಚಿಟ್ಟಿರಬೇಕು. ಎಲ್ಲ ಚೌಕದಲ್ಲೂ ನಿಮಗಿಷ್ಟದ ಬಣ್ಣವನ್ನೇ ಸುರಿದರೆ ಕೊನೆಗೆ ಕೊಡಲು ಏನೂ ಉಳಿಯುವುದಿಲ್ಲ.

ರಾತ್ರಿಯ ಬೆಳಕು ಎಲ್ಲಿಂದ ಬರುತ್ತದೆ ಅಂತ ತೀರ್ಮಾನಿಸಿ. ಚಂದ್ರ ಅಂದರೆ ಯಾವ ಚಂದ್ರ? ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದಲ್ಲಿ ಹುಟ್ಟಿ, ಮಧ್ಯರಾತ್ರಿ ಮೇಲೆ ಬಂದು, ಬೆಳಗಿಗೆ ಪಶ್ಚಿಮದಲ್ಲಿ ಇಳಿಯುತ್ತಾನೆ. ಬಿದಿಗೆ ತದಿಗೆಯ ಚಂದ್ರ ಸಂಜೆಯೇ ಪಶ್ಚಿಮದಲ್ಲಿ ಕಂಡು ಬೇಗ ಮುಳುಗುತ್ತಾನೆ. ನಡುರಾತ್ರಿಯ ದೃಶ್ಯದಲ್ಲಿ ನೆತ್ತಿಯ ಮೇಲೆ ಸಣ್ಣ ಕುಡುಗೋಲು ಚಂದ್ರನನ್ನು ಇಟ್ಟ ಚಿತ್ರಗಳು ಬೇಕಾದಷ್ಟಿವೆ. ಹೊಲದಲ್ಲಿ ಮಲಗಿ ಗೊತ್ತಿರುವವರು ನಗುತ್ತಾರೆ. ನಮಗೆ ಹುಣ್ಣಿಮೆ ಬೇಕು, ಹಾಗಾಗಿ ಐದರಲ್ಲಿ ಬೆಳಕು ಮೇಲಿನಿಂದ ಬೀಳುತ್ತದೆ.

ಪರೀಕ್ಷೆ: ಪಟ್ಟಿಯನ್ನು ಫೋನಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಫಿಲ್ಟರ್ ಹಾಕಿ. ಮೂರನೇ ಹಂತದ ಥಂಬ್‌ನೇಲ್‌ಗೆ ಹೊಂದಬೇಕು. ಕೆಂಪು ಕುರಿ ಮತ್ತು ಹಸಿರು ನೆರಳು ಬಣ್ಣದಲ್ಲಿ ಬೇರೆ ಬೇರೆ ಕಂಡು, ಫಿಲ್ಟರಿನಲ್ಲಿ ಒಂದೇ ಬೂದಾಗಿಬಿಡುವುದು ತುಂಬಾ ಸಾಮಾನ್ಯ. ಆಗ ಬಣ್ಣ ಬದಲಾಯಿಸಬೇಡಿ, ಅದನ್ನೇ ತಿಳಿ ಅಥವಾ ಗಾಢ ಮಾಡಿ. ಪರದೆಯ ಬೆಳಕು ಪೂರ್ತಿ ಇಟ್ಟುಕೊಂಡು ರಾತ್ರಿಯ ದೃಶ್ಯ ಮಾಡಬೇಡಿ. ಅಗ್ಗದ ಫೋನಿನಲ್ಲಿ, ಬಿಸಿಲಲ್ಲಿ ನಿಂತು ನೋಡಿದರೂ ಹುಡುಗನ ತಲೆ ಕಾಣಬೇಕು.

## ಹಂತ 9: ಮೂರು ಸ್ಟೈಲ್ ಫ್ರೇಮ್, ಮೂರೇ

ಪೂರ್ತಿ ಮುಗಿಸಿದ, ಸಿನಿಮಾದಲ್ಲಿ ಕಾಣುವ ಹಾಗೆಯೇ ಇರುವ ಚಿತ್ರ ಈಗ ಬಿಡಿಸಿ, 1920×1080 ಅಳತೆಯಲ್ಲಿ. ಅತ್ಯಂತ ಕಷ್ಟದ ಗಳಿಗೆ ಮೊದಲು (ಐದು), ಜನಜಂಗುಳಿಯದ್ದು ಆಮೇಲೆ (ಒಂದು), ಮೌನದ್ದು ಕೊನೆಗೆ (ಆರು). ಮೂರಕ್ಕೂ ಒಂದೇ ನಿಯಮ ಒಪ್ಪಿದರೆ ಶೈಲಿ ಗಟ್ಟಿಯಾಗಿದೆ. ಒಂದಕ್ಕೆ ಒಪ್ಪದಿದ್ದರೆ ನಿಯಮ ತಿದ್ದಿ ಮೂರನ್ನೂ ಮತ್ತೆ ನೋಡಿ.

ಸುಲಭದ ಫ್ರೇಮನ್ನು ಮೊದಲು ಮಾಡಿ ಇನ್‌ಸ್ಟಾಗ್ರಾಮಿಗೆ ಹಾಕಿ ಲೈಕ್ ಎಣಿಸುತ್ತ ಕೂರುವವರನ್ನು ನೋಡಿದ್ದೇನೆ. ಲೈಕ್ ಬಂದ ಮೇಲೆ ಅದನ್ನು ಬದಲಾಯಿಸಲು ಕೈ ಬರುವುದಿಲ್ಲ. ಐದನೇ ಗಳಿಗೆ ಬಂದಾಗ ಅದೇ ಶೈಲಿ ಕುತ್ತಿಗೆಗೆ ಬರುತ್ತದೆ.

## ಹಂತ 10: ಅನಿಮ್ಯಾಟಿಕ್ ಮತ್ತು ಹತ್ತು ಸೆಕೆಂಡಿನ ಪರೀಕ್ಷೆ

ಏಳು ಥಂಬ್‌ನೇಲ್‌ಗಳ ನಡುವೆ ಬೇಕಾದ ಇನ್ನಷ್ಟು ಚೌಕ ಸೇರಿಸಿ, ಒಂದೊಂದು ಎಷ್ಟು ಹೊತ್ತು ಇರಬೇಕು ಅಂತ ಲೆಕ್ಕ ಹಾಕಿ, ಶಬ್ದದ ಜೊತೆ ಸಾಲಾಗಿ ಓಡಿಸಿ. ಇದು ಅನಿಮ್ಯಾಟಿಕ್. ಶಬ್ದ ಕೊನೆಗೆ ಹಾಕಿದರಾಯಿತು ಅನ್ನಬೇಡಿ. ನಮ್ಮ ಕಥೆಯಲ್ಲಿ ಮರಿಯನ್ನು ಹುಡುಕುವುದೇ ಕಿವಿಯಿಂದ. ಮರಿಯ ದನಿ, ಗಾಳಿ, ಕುರಿಗಂಟೆ ಈ ಮೂರನ್ನಾದರೂ ಫೋನಿನಲ್ಲಿ ರೆಕಾರ್ಡ್ ಮಾಡಿ ಹಾಕಿ. ಐದನೇ ಗಳಿಗೆಗೆ ಮುಂಚೆ ನಾಲ್ಕೈದು ಸೆಕೆಂಡ್ ಗಂಟೆ ನಿಂತು ಬರೀ ಗಾಳಿ ಇದ್ದರೆ ಏನಾಗುತ್ತದೆ ಅಂತ ಕೇಳಿ ನೋಡಿ.

ಆಮೇಲೆ 10 ಸೆಕೆಂಡಿನ ಒಂದು ತುಂಡನ್ನು ಪೂರ್ತಿ ಅನಿಮೇಟ್ ಮಾಡಿ. ಸುಮಾರು 120 ಚಿತ್ರ. ಹುಡುಗ ನಡೆದು, ನಿಂತು, ತಿರುಗುವ ತುಂಡು ಆರಿಸಿ. ತಿರುಗುವಾಗಲೇ ಶೈಲಿಯ ಗುಟ್ಟು ಬಯಲಾಗುವುದು. ಎದುರಿನಿಂದ ಚೆಂದ ಕಂಡ ಕೊಪ್ಪಿ ಪಕ್ಕದಿಂದ ಮೂಟೆಯ ಹಾಗೆ ಕಾಣಬಹುದು. ಗಡಿಯಾರ ಇಟ್ಟುಕೊಂಡು ಒಂದು ಚಿತ್ರಕ್ಕೆ ಎಷ್ಟು ನಿಮಿಷ ಹಿಡಿಯಿತು ಅಂತ ಬರೆದು, ಆರನೇ ಹಂತದ ಲೆಕ್ಕಕ್ಕೆ ಹಾಕಿ. ದಿನಗಳು ನಿಮ್ಮ ಕಾಲೇಜಿನ ಅಥವಾ ಸ್ಪರ್ಧೆಯ ಕೊನೆಯ ದಿನಾಂಕ ಮೀರಿದರೆ ಮೊದಲು ಒರಟು ಕುಂಚ ತೆಗೆಯಿರಿ, ಆಮೇಲೆ ಹಿಂಡಿನ ಕುರಿ ಕಡಿಮೆ ಮಾಡಿ. ಏಳು ಗಳಿಗೆಗಳಲ್ಲಿ ಒಂದನ್ನೂ ಮುಟ್ಟಬೇಡಿ.

ಎಲ್ಲ ಹೊಂದಿತು ಅಂದ ಮೇಲೆ ನಿಯಮಗಳು, ಬಣ್ಣದ ಪಟ್ಟಿ, ಕಪ್ಪು ಆಕೃತಿಗಳ ಸಾಲು, ಮೂರು ಸ್ಟೈಲ್ ಫ್ರೇಮ್ ಇಷ್ಟನ್ನೂ ಒಂದೇ ಹಾಳೆಗೆ ತಂದು ಪ್ರಿಂಟ್ ತೆಗೆಸಿ, ಕೂರುವ ಜಾಗದ ಎದುರಿಗೆ ಅಂಟಿಸಿ. ಗೆಳೆಯರು ಸೇರಿ ಮಾಡುತ್ತಿದ್ದರೆ ಪ್ರತಿಯೊಬ್ಬರಿಗೂ ಒಂದು ಪ್ರತಿ ಕೊಡಿ. ನಡುವೆ ಏನಾದರೂ ಬದಲಾದರೆ ಹೊಸ ಹಾಳೆಗೆ ದಿನಾಂಕ ಹಾಕಿ ಎಲ್ಲರಿಂದಲೂ ಹಳೆಯದನ್ನು ವಾಪಸ್ ಪಡೆಯಿರಿ. ಇಲ್ಲದಿದ್ದರೆ ಒಬ್ಬರ ಬೀರಪ್ಪನಿಗೆ ಹೊರಗೆರೆ ಇರುತ್ತದೆ, ಇನ್ನೊಬ್ಬರ ಬೀರಪ್ಪನಿಗೆ ಇರುವುದಿಲ್ಲ.